ಪಠ್ಯಪುಸ್ತಕವಿಲ್ಲದ ಶಾಲಾಚೀಲ: ಇಂಗ್ಲೆಂಡಿನ ಪ್ರಾಥಮಿಕ ತರಗತಿಯಲ್ಲಿ ಪಾಠ ನಡೆಯುವ ಬಗೆ

ಕರ್ನಾಟಕದಿಂದ ಇಂಗ್ಲೆಂಡಿಗೆ ಬಂದು ಮಗುವನ್ನು ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರಿಸಿದ ತಂದೆತಾಯಿಯರು ಮೊದಲ ವಾರದಲ್ಲೇ ಹುಡುಕುವುದು ಪಠ್ಯಪುಸ್ತಕವನ್ನು. ಪ್ರತಿ ಜೂನ್‌ನಲ್ಲಿ ಹೊಸ ಪುಸ್ತಕಗಳಿಗೆ ಬೈಂಡು ಹಾಕಿ, ಹೆಸರಿನ ಚೀಟಿ ಅಂಟಿಸಿಕೊಂಡು ಬೆಳೆದ ನಮಗೆ, ಮಗುವಿನ ಚೀಲದಲ್ಲಿ ಒಂದು ತೆಳು ಕಥೆಪುಸ್ತಕವೂ ಓದಿನ ಲೆಕ್ಕ ಬರೆದಿಡುವ ಕಿರುಪುಸ್ತಕವೂ ಬಿಟ್ಟರೆ ಬೇರೇನೂ ಇಲ್ಲದಿರುವುದು ಕಳವಳ ಹುಟ್ಟಿಸುತ್ತದೆ.

1988ರ ಶಿಕ್ಷಣ ಸುಧಾರಣಾ ಕಾಯಿದೆಯಿಂದ ಹುಟ್ಟಿದ ರಾಷ್ಟ್ರೀಯ ಪಠ್ಯಕ್ರಮವು (2014ರಲ್ಲಿ ಅದರ ಪರಿಷ್ಕೃತ ರೂಪ ಜಾರಿಗೆ ಬಂದಿತು) ಮಕ್ಕಳು ಏನನ್ನು ಕಲಿಯಬೇಕೆಂದು ಹೇಳುತ್ತದೆಯೇ ಹೊರತು, ಯಾವ ಪುಸ್ತಕದಿಂದ, ಯಾವ ವಾರ ಎಂಬುದನ್ನು ಹೇಳುವುದಿಲ್ಲ. ಅದನ್ನು ನಿರ್ಧರಿಸುವುದು ಶಾಲೆ ಮತ್ತು ಶಿಕ್ಷಕರು. ಆದ್ದರಿಂದ ನಮ್ಮಲ್ಲಿ ಪಠ್ಯಪುಸ್ತಕ ಹೊರುವ ಭಾರವನ್ನು ಇಲ್ಲಿ ಶಿಕ್ಷಕರ ಪಾಠಯೋಜನೆ ಹೊರುತ್ತದೆ. 2005ರಿಂದ ಶಿಕ್ಷಕರಿಗೆ ಬೋಧನೆಯ ವೇಳೆಯ ಕನಿಷ್ಠ ಶೇಕಡಾ 10ರಷ್ಟನ್ನು ಯೋಜನೆ, ತಯಾರಿ ಮತ್ತು ಮೌಲ್ಯಮಾಪನಕ್ಕೆಂದೇ ಬಿಟ್ಟುಕೊಡಲಾಗಿದೆ. ವಾರಕ್ಕೊಂದು ಮಧ್ಯಾಹ್ನ ತರಗತಿಗೆ ಬೇರೊಬ್ಬರು ಬಂದರೆ ಕಾರಣ ಬಹುಮಟ್ಟಿಗೆ ಇದೇ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ಪಠ್ಯಕ್ರಮ ಬೇರೆ; ಈ ಲೇಖನ ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ್ದು.

ವಿಧಾನದ ವ್ಯತ್ಯಾಸ ಎಲ್ಲಕ್ಕಿಂತ ಮೊದಲು ಕಾಣುವುದು ಓದು ಕಲಿಸುವುದರಲ್ಲಿ. ನಮ್ಮಲ್ಲಿ ಬಹುಪಾಲು ಜನ ಇಂಗ್ಲಿಷ್ ಕಲಿತದ್ದು ‘ಸಿ ಎ ಟಿ ಕ್ಯಾಟ್’ ಎಂದು ಸ್ಪೆಲಿಂಗ್ ಉರುಹೊಡೆದು. ಇಲ್ಲಿನ ಫೋನಿಕ್ಸ್ ಕ್ರಮದಲ್ಲಿ ಮಗು ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿಯನ್ನು ಕಲಿತು, ಧ್ವನಿಗಳನ್ನು ಕೂಡಿಸಿ ಪದವನ್ನು ಓದುತ್ತದೆ. ಅಕ್ಷರದ ಹೆಸರೇ ಅದರ ಧ್ವನಿಯೂ ಆಗಿರುವ ಕನ್ನಡ ಬಲ್ಲವರಿಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ. ಆದರೆ ಒಂದು ತೊಡಕಿದೆ: ನಮ್ಮ ‘ಕ’ದೊಳಗೆ ‘ಅ’ಕಾರ ಅಡಗಿದೆ. ಮನೆಯಲ್ಲಿ ‘ಕ’, ‘ಟ’ ಎಂದು ಹೇಳಿಕೊಟ್ಟರೆ ಕೂಡಿಸುವಾಗ ಮಗು ತಡವರಿಸುತ್ತದೆ. ಶಿಕ್ಷಕರಿಗೆ ಬೇಕಾದದ್ದು ‘ಕ್’, ‘ಟ್’ ಎಂಬ ಸ್ವರವಿಲ್ಲದ ಅರ್ಧಾಕ್ಷರದ ಉಚ್ಚಾರಣೆ. ಒಂದನೆಯ ವರ್ಷದ (‘ಇಯರ್ ಒನ್’ ತರಗತಿಯ) ಜೂನ್‌ನಲ್ಲಿ ಮಗು ಶಿಕ್ಷಕರ ಮುಂದೆ 40 ಪದಗಳನ್ನು ಓದಬೇಕು. ಅದರಲ್ಲಿ 20 ಪದಗಳಿಗೆ ಅರ್ಥವೇ ಇರುವುದಿಲ್ಲ. ಮಗು ನೆನಪಿನಿಂದ ಹೇಳದೆ ಧ್ವನಿ ಹಿಡಿದು ಓದುತ್ತಿದೆಯೇ ಎಂದು ತಿಳಿಯಲು ಈ ಉಪಾಯ. ಮನೆಗೆ ಬರುವ ಕಥೆಪುಸ್ತಕವೂ ತರಗತಿಯಲ್ಲಿ ಆಗಲೇ ಕಲಿಸಿದ ಧ್ವನಿಗಳಿಗೆ ಹೊಂದಿಕೊಂಡಿರುತ್ತದೆ, ಹಾಗಾಗಿ ಅದು ತೀರ ಸುಲಭವೆಂದು ದೂರುವ ಮುನ್ನ ಒಮ್ಮೆ ವಿಚಾರಿಸುವುದು ಒಳ್ಳೆಯದು.

ಗಣಿತದಲ್ಲಿ ಆತಂಕ ಇನ್ನೂ ಹೆಚ್ಚು. ದಶಕ ತೆಗೆದುಕೊಂಡು ಕೂಡುವ, ಕಳೆಯುವ ಕಂಬಸಾಲಿನ ಲೆಕ್ಕವನ್ನು ಇಲ್ಲಿ ಬೇಗ ಕಲಿಸುವುದಿಲ್ಲ. ಹತ್ತು ಮನೆಗಳ ಚೌಕಟ್ಟು, ಬಿಲ್ಲೆಗಳು, ಪಟ್ಟಿಚಿತ್ರಗಳ ಮೂಲಕ ಸಂಖ್ಯೆಯನ್ನು ಒಡೆದು ಜೋಡಿಸುವುದನ್ನು ಬಹುಕಾಲ ಅಭ್ಯಾಸ ಮಾಡಿಸುತ್ತಾರೆ. ಬಹುತೇಕ ಮಕ್ಕಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಮುನ್ನಡೆಯಬೇಕು, ಬೇಗ ಗ್ರಹಿಸಿದವರಿಗೆ ಮುಂದಿನ ಪಾಠಕ್ಕಿಂತ ಮೊದಲು ಅದೇ ವಿಷಯದ ಆಳವಾದ ಸಮಸ್ಯೆಗಳನ್ನು ಕೊಡಬೇಕು ಎಂಬುದು ಪಠ್ಯಕ್ರಮದ ಆಶಯ. ‘ನಮ್ಮ ಮಗಳಿಗೆ ಇದೆಲ್ಲ ಬರುತ್ತದೆ, ಮುಂದಿನ ವರ್ಷದ್ದನ್ನು ಕೊಡಿ’ ಎಂದು ಕೇಳುವವರಿಗೆ ಮೃದುವಾದ ನಿರಾಕರಣೆ ಸಿಗುವುದು ಇದರಿಂದಲೇ. ಅನೇಕ ಶಾಲೆಗಳು ಯಾವ ವರ್ಷ ಯಾವ ಲೆಕ್ಕದ ಕ್ರಮ ಎಂದು ತಿಳಿಸುವ ‘ಕ್ಯಾಲ್ಕ್ಯುಲೇಷನ್ ಪಾಲಿಸಿ’ಯನ್ನು ತಮ್ಮ ಜಾಲತಾಣದಲ್ಲಿ ಇಟ್ಟಿರುತ್ತವೆ, ಮನೆಪಾಠ ಹೇಳುವವರು ಅದನ್ನು ಓದಿಕೊಂಡರೆ ಮಗು ಎರಡು ವಿಧಾನಗಳ ನಡುವೆ ಸಿಕ್ಕಿ ಗೊಂದಲಪಡುವುದು ತಪ್ಪುತ್ತದೆ.

ಮಗ್ಗಿಗೆ ಮಾತ್ರ ಇಲ್ಲಿಯೂ ಬೆಲೆಯಿದೆ. ನಾಲ್ಕನೆಯ ವರ್ಷದ ಜೂನ್‌ನಲ್ಲಿ ಹನ್ನೆರಡರ ಮಗ್ಗಿಯವರೆಗೆ 25 ಪ್ರಶ್ನೆಗಳು, ಪ್ರತಿಯೊಂದಕ್ಕೂ 6 ಸೆಕೆಂಡು. ‘ಏಳೊಂದ್ಲ ಏಳು’ ಎಂದು ಮೊದಲಿನಿಂದ ಹತ್ತಿ ಬರುವ ಮಗುವಿಗೆ ಆ ಅವಧಿ ಸಾಲದು. ಮನೆಯಲ್ಲಿ ಅಡ್ಡಾದಿಡ್ಡಿಯಾಗಿ ಕೇಳಬೇಕು.

ಈ ವ್ಯವಸ್ಥೆಯ ದೌರ್ಬಲ್ಯವನ್ನೂ ಹೇಳಬೇಕು. ಎಲ್ಲವೂ ಶಿಕ್ಷಕರ ಯೋಜನೆಯನ್ನೇ ನಂಬಿರುವಲ್ಲಿ, ಅವರು ದೀರ್ಘ ರಜೆ ಹಾಕಿ ಬದಲಿ ಶಿಕ್ಷಕರು ಬಂದುಹೋಗತೊಡಗಿದರೆ, ಬಿಟ್ಟುಹೋದದ್ದನ್ನು ಮನೆಯಲ್ಲಿ ತುಂಬಿಕೊಳ್ಳಲು ಕೈಯಲ್ಲೊಂದು ಪುಸ್ತಕವೂ ಇರುವುದಿಲ್ಲ. ನಮ್ಮೂರಿನ ಪಠ್ಯಪುಸ್ತಕವನ್ನು ಎಷ್ಟೇ ಬೈದರೂ ಆ ಒಂದು ಭದ್ರತೆ ಅದರಲ್ಲಿತ್ತು.

ಪೋಷಕರ ಸಭೆಯಲ್ಲಿ ಸಿಗುವುದು ಸುಮಾರು ಹತ್ತು ನಿಮಿಷ. ‘ಹೇಗೆ ಓದುತ್ತಿದ್ದಾನೆ?’ ಎಂದರೆ ‘ತುಂಬ ಚೆನ್ನಾಗಿ’ ಎಂಬ ಉತ್ತರದಲ್ಲೇ ಆ ಸಮಯ ಮುಗಿಯಬಹುದು. ಅದರ ಬದಲು, ಮಗು ಯಾವ ಹಂತದಲ್ಲಿ ನಿಂತಿದೆ, ಅದಕ್ಕಾಗಿ ತರಗತಿಯಲ್ಲಿ ಏನು ಮಾಡುತ್ತಿದ್ದೀರಿ, ಮುಂದಿನ ಆರು ವಾರಗಳ ಪಾಠವೇನು ಎಂದು ಕೇಳಬೇಕು. ವರದಿಯಲ್ಲಿ ‘ವರ್ಕಿಂಗ್ ಟುವರ್ಡ್ಸ್’ ಎಂದಿದ್ದರೆ ಅದನ್ನು ಹೊಗಳಿಕೆ ಎಂದು ತಿಳಿಯಬಾರದು. ಮಗು ನಿರೀಕ್ಷಿತ ಮಟ್ಟವನ್ನು ಇನ್ನೂ ಮುಟ್ಟಿಲ್ಲ ಎಂದು ಅದರ ಅರ್ಥ.