ಹಿತ್ತಲ ಬೇಲಿಗೆ ಗೌರಿ ಹೂ ಹಬ್ಬಿಸಿದ ಬಗೆ

ಮಲೆನಾಡಿನ ಕಡೆ ಸ್ವರ್ಣಗೌರಿ ವ್ರತದ ಹೊತ್ತಿಗೆ ಬೇಲಿ, ಪೊದೆಗಳ ಮೇಲೆ ಕೆಂಪು-ಹಳದಿಯಾಗಿ ಅರಳುವ ಹೂವೇ ನಮ್ಮ ಗೌರಿ ಹೂ. ಅಗ್ನಿಶಿಖೆ ಎಂದರೂ ಇದೇ. ತಮಿಳುನಾಡಿಗೆ ರಾಜ್ಯಪುಷ್ಪ, ಜಿಂಬಾಬ್ವೆಗೆ ರಾಷ್ಟ್ರಪುಷ್ಪ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ವೈಜ್ಞಾನಿಕ ಹೆಸರು ಗ್ಲೋರಿಯೋಸಾ ಸುಪರ್ಬಾ. ಹಿಂದೆ ಲಿಲ್ಲಿಗಳ ಕುಟುಂಬಕ್ಕೇ ಸೇರಿಸಿದ್ದರು. ಈಗ ಕಾಲ್ಚಿಕೇಸಿ ಎಂಬ ಬೇರೆ ಕುಟುಂಬದಲ್ಲಿದೆ. ಆದರೂ ನರ್ಸರಿಗಳಲ್ಲಿ ಗ್ಲೋರಿ ಲಿಲ್ಲಿ ಅಂತಲೇ ಕೇಳಬೇಕು.

ಕಾಡಿನಿಂದ ಕಿತ್ತು ತರುವುದು ನನಗೆ ಒಪ್ಪಿಗೆಯಿಲ್ಲ. ಔಷಧಕ್ಕೆಂದು ಅಗೆದೂ ಅಗೆದೂ ಎಷ್ಟೋ ಕಡೆ ಇದು ಅಪರೂಪವಾಗಿದೆ. ನಾನು ಗಡ್ಡೆ ತಂದದ್ದು ನರ್ಸರಿಯಿಂದಲೇ.

ಗಡ್ಡೆ ನೋಡಲು ನೇಗಿಲಿನ ಹಾಗೆ, ಎರಡು ಕವಲು. ಸಂಸ್ಕೃತದಲ್ಲಿ ಇದನ್ನು ಲಾಂಗಲಿ ಎನ್ನುವುದೂ ಅದಕ್ಕೇ. ಪ್ರತಿ ಕವಲಿನ ತುದಿಯಲ್ಲಿ ಒಂದೇ ಒಂದು ಮೊಳಕೆಯ ಕಣ್ಣು ಇರುತ್ತದೆ. ಅದು ಮುರಿದರೆ ಆ ಕವಲು ಸಾಮಾನ್ಯವಾಗಿ ಮೊಳೆಯುವುದಿಲ್ಲ. ಹಾಗಾಗಿ ಕೊಳ್ಳುವಾಗ ಗಡ್ಡೆಯ ದಪ್ಪ ನೋಡಬೇಡಿ, ತುದಿ ನೋಡಿ. ಮೇ ತಿಂಗಳ ಕೊನೆಗೆ ಕೆಂಪು ಮಣ್ಣು, ಮರಳು, ಎಲೆಗೊಬ್ಬರ ಬೆರೆಸಿ, ಗಡ್ಡೆಯನ್ನು ಅಡ್ಡಡ್ಡ ಮಲಗಿಸಿ, ಮೇಲೆ ಎರಡು-ಮೂರು ಇಂಚು ಮಣ್ಣು ಮುಚ್ಚುತ್ತೇನೆ. ನೀರು ನಿಂತರೆ ಕೊಳೆಯುತ್ತದೆ. ನಮ್ಮ ಮಳೆಗೆ ಏರು ಮಡಿಯೇ ಸರಿ.

ಬಳ್ಳಿ ಏರುವ ರೀತಿ ನೋಡುತ್ತಾ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಇದಕ್ಕೆ ಬೇರೆ ಕುಡಿಬಳ್ಳಿ ಇಲ್ಲ, ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿಯುತ್ತದೆ. ಗೋಡೆ, ದಪ್ಪ ಕಂಬ ಅದರ ಹಿಡಿತಕ್ಕೆ ಸಿಗದು. ನಾನು ತೆಳ್ಳನೆ ಬಿದಿರಿನ ಸೀಳುಗಳನ್ನು ಬೇಲಿಗೆ ಕಟ್ಟಿಕೊಡುತ್ತೇನೆ.

ಮೊಗ್ಗು ತಲೆ ತಗ್ಗಿಸಿಕೊಂಡೇ ಬಿರಿಯುತ್ತದೆ. ಅಲೆಯಂಚಿನ ಆರು ಎಸಳುಗಳು ಹಿಂದಕ್ಕೆ ಮಡಚಿ ಮೇಲೇಳುತ್ತವೆ. ಮೊದಲು ಹಸಿರು ಬೆರೆತ ಹಳದಿ, ಆಮೇಲೆ ತುದಿಯಿಂದ ಕೆಂಪು ಇಳಿಯುತ್ತಾ ಕೊನೆಗೆ ಹೂವೆಲ್ಲ ಕೆಂಪು. ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಬುಡದಲ್ಲೇ ಪಕ್ಕಕ್ಕೆ ಬಾಗಿ ಪರಾಗವಿರುವ ಕೇಸರಗಳಿಂದ ದೂರ ಚಾಚಿರುತ್ತದೆ. ಅದೇ ಹೂವಿನ ಪರಾಗ ಸುಲಭಕ್ಕೆ ತಾಗದು. ಬೀಜಕ್ಕಾಗಿ ಬೆಳೆಯುವ ತಮಿಳುನಾಡಿನ ರೈತರು ಬೆಳಿಗ್ಗೆ ಕೈಯಿಂದಲೇ ಪರಾಗ ಸೋಕಿಸುತ್ತಾರೆ. ನಾನೂ ಸಣ್ಣ ಕುಂಚದಲ್ಲಿ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತೇನೆ, ಕಾಯಿ ಚೆನ್ನಾಗಿ ಕಚ್ಚುತ್ತದೆ. ಬೀಜದ ಗಿಡ ಹೂ ಬಿಡಲು ಕೆಲವು ವರ್ಷ ಬೇಕು. ಬೇಗ ಹೂ ಬೇಕೆಂದರೆ ಗಡ್ಡೆಯೇ ಆಗಬೇಕು.

ವಿಷದ ವಿಚಾರ ಒತ್ತಿ ಹೇಳಬೇಕು. ಗಿಡದ ಎಲ್ಲ ಭಾಗದಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ, ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಗೌಟ್ ಎಂಬ ಕೀಲುಬೇನೆಗೆ ಡಾಕ್ಟರು ಅಳೆದು ಕೊಡುವ ಮದ್ದು ಅದೇ, ಅಳತೆ ಮೀರಿದರೆ ಜೀವ ತೆಗೆಯುವುದೂ ಅದೇ. ಗೆಣಸಿನ ಜಾತಿಯೆಂದು ತಿಂದು ಸತ್ತವರಿದ್ದಾರೆ. ಮನೆಮದ್ದಿನ ಪ್ರಯೋಗ ಖಂಡಿತ ಬೇಡ. ಅಗೆಯುವಾಗ ನಾನು ಕೈಗವಸು ಹಾಕುತ್ತೇನೆ. ಮಕ್ಕಳು, ದನಕರು ಓಡಾಡುವ ಕಡೆ ನೆಡುವುದೇ ಇಲ್ಲ.

ಮಳೆ ನಿಂತ ಮೇಲೆ ಬಳ್ಳಿ ಹಳದಿಯಾಗಿ ಒಣಗುತ್ತದೆ. ಸತ್ತಿತೆಂದು ಕಿತ್ತು ಎಸೆಯಬೇಡಿ. ಹಳೇ ಗಡ್ಡೆ ಸೊರಗಿ ಕೆಳಗೆ ಹೊಸದು ಕಟ್ಟಿರುತ್ತದೆ. ಗುರುತಿಗೆ ಅಲ್ಲೊಂದು ಗೂಟ ನೆಟ್ಟು, ಬೇಸಿಗೆಯಿಡೀ ನೀರು ಹಾಕದೆ ಬಿಡಿ.