ಎಐ ಕೈಲಿ ಆಫೀಸ್ ಕೆಲಸ ಮಾಡಿಸ್ಬೇಕಂದ್ರೆ ಪ್ರಾಂಪ್ಟ್ ಹೇಗೆ ಬರೀಬೇಕು

"ಕಸ್ಟಮರ್‌ಗೆ ಒಂದು ಒಳ್ಳೆ ಮೇಲ್ ಬರ್ದುಕೊಡು" ಅಂತ ಟೈಪ್ ಮಾಡಿ ಎಂಟರ್ ಹೊಡೆದ್ರೆ ಏನ್ ಬರತ್ತೆ ಅಂತ ಗೊತ್ತೇ ಇದೆ. "ತಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ, ತಾವು ನಮ್ಮ ಅಮೂಲ್ಯ ಗ್ರಾಹಕರು" ಅಂತ ಶುರುವಾಗಿ ನಾಲ್ಕು ಪ್ಯಾರಾ, ಅದ್ರಲ್ಲಿ ಒಂದು ಸಾಲೂ ಕೆಲಸಕ್ಕೆ ಬರಲ್ಲ. ತುಂಬಾ ಜನ ಇಲ್ಲಿಗೇ ಕೈಬಿಟ್ಟು ಎಐ ಎಲ್ಲಾ ಬರೀ ಬಿಲ್ಡಪ್ಪು ಅಂತಾರೆ. ಅದು ಹಂಗ್ಯಾಕೆ ಬರೀತು ಅಂದ್ರೆ, ಚಾಟ್‌ಜಿಪಿಟಿ ಆಗ್ಲಿ ಕ್ಲಾಡ್ ಆಗ್ಲಿ ಜೆಮಿನಿ ಆಗ್ಲಿ, ಇವೆಲ್ಲಾ ಇಲ್ಲಿ ತನಕ ಬಂದಿರೋ ಮಾತು ನೋಡ್ಕೊಂಡು ಮುಂದಿನ ತುಣುಕು ಯಾವುದಿರಬಹುದು ಅಂತ ಲೆಕ್ಕ ಹಾಕ್ತಾ ಹಾಕ್ತಾ ಬರೆಯೋವು. ನೀವು ಕೊಟ್ಟಿದ್ದು ನಾಲ್ಕೈದು ಪದ, ಮಿಕ್ಕಿದ್ದನ್ನ ಅದು ಎಲ್ಲರ ಇಮೇಲಲ್ಲೂ ಇರೋ ಮಾತಿಂದ ತುಂಬಿಸ್ತು. ಆ ಕಸ್ಟಮರ್ ಯಾರು, ಏನ್ ಗಲಾಟೆ ಆಗಿದೆ, ನಿಮ್ ಬಾಸ್ ಏನ್ ಒಪ್ತಾರೆ ಏನ್ ಒಪ್ಪಲ್ಲ, ಇದ್ಯಾವುದೂ ಅದಕ್ಕೆ ಗೊತ್ತಾಗೋ ದಾರಿನೇ ಇಲ್ಲ. ಹಾಗಾಗಿ ಒಳ್ಳೆ ಪ್ರಾಂಪ್ಟ್ (ಎಐಗೆ ನಾವು ಬರೆದು ಕೊಡೋ ಸೂಚನೆ) ಬರೆಯೋದು ಅಂದ್ರೆ, ನಿಮಗೆ ಎಷ್ಟು ಗೊತ್ತಿದೆ ಅಂದ್ರೆ ಬಾಯ್ಬಿಟ್ಟು ಹೇಳ್ಬೇಕು ಅಂತಾನೂ ಅನ್ಸದೇ ಇರೋ ವಿಷಯಗಳನ್ನ ಬಾಯ್ಬಿಟ್ಟು ಹೇಳೋದು.

ಅದೇ ಮೇಲ್‌ಗೆ ಹೀಗ್ ಬರೆದು ನೋಡಿ:

"ನಮ್ದು ಪ್ರಿಂಟರ್ ಬಿಡಿಭಾಗ ಸಪ್ಲೈ ಮಾಡೋ ಕಂಪನಿ. ಈ ಕಸ್ಟಮರ್ ಮೂರು ವರ್ಷದಿಂದ ಪ್ರತಿ ತಿಂಗಳೂ ಆರ್ಡರ್ ಕೊಡ್ತಾರೆ. ಸೋಮವಾರ 40 ಪೀಸ್ ತಲುಪಬೇಕಿತ್ತು, ಗೋಡೌನಲ್ಲಿ ಸ್ಟಾಕ್ ಎಂಟ್ರಿ ತಪ್ಪಾಗಿ 25 ಮಾತ್ರ ಹೋಗಿದೆ. ಉಳಿದ 15 ಗುರುವಾರ ತಲುಪತ್ತೆ, ಸಾಗಾಟದ ಖರ್ಚು ನಮ್ದೇ. ಅವರ ಪರ್ಚೇಸ್ ಮ್ಯಾನೇಜರ್ ಸಿಟ್ಟಲ್ಲಿ ಹಾಕಿರೋ ಮೇಲ್ ಕೆಳಗಿದೆ. ಅದಕ್ಕೆ ಉತ್ತರ ಬರಿ. ತಪ್ಪು ನಮ್ದು ಅಂತ ಮೊದಲನೇ ಸಾಲಲ್ಲೇ ಒಪ್ಕೊಂಡು, ಆಮೇಲೆ ಹೊಸ ದಿನ ತಿಳಿಸು. ಡಿಸ್ಕೌಂಟ್ ಮಾತು ಎತ್ತಬೇಡ, ಅದಿನ್ನೂ ಮೇಲಿನವರು ತೀರ್ಮಾನ ಮಾಡಿಲ್ಲ. 120 ಪದ ದಾಟೋದು ಬೇಡ."

ಇದ್ರಲ್ಲಿ ಬಹಳ ಬೆಲೆ ಇರೋದು ಡಿಸ್ಕೌಂಟ್ ಸಾಲಿಗೆ. ಕ್ಷಮೆ ಕೇಳೋ ಮೇಲುಗಳಲ್ಲಿ ಸಾಮಾನ್ಯವಾಗಿ ಏನಾದ್ರೂ ಪರಿಹಾರ ಕೊಡೋ ಮಾತು ಇದ್ದೇ ಇರತ್ತಲ್ಲ, ಅದನ್ನ ನೋಡ್ಕೊಂಡೇ ಕಲ್ತಿರೋ ಮಾಡೆಲ್ಲು (ಈ ಟೂಲ್‌ಗಳ ಒಳಗೆ ಕೂತು ಬರೆಯೋ ಎಐ) "ಮುಂದಿನ ಆರ್ಡರ್‌ಗೆ 10 ಪರ್ಸೆಂಟ್ ರಿಯಾಯಿತಿ" ಅಂತ ತನ್ನಷ್ಟಕ್ಕೆ ತಾನೇ ಸೇರಿಸಿಬಿಡಬಹುದು, ನೀವು ಅವಸರದಲ್ಲಿ ಓದದೇ ಕಳಿಸಿದ್ರೆ ಕಂಪನಿ ಹೆಸರಲ್ಲಿ ಮಾತು ಕೊಟ್ಟಂಗಾಯ್ತು. ಇನ್ನೊಂದು ಗಮನಿಸಿ, ಬರೀ "ಎತ್ತಬೇಡ" ಅಂತ ಬಿಟ್ಟಿಲ್ಲ, ಕಾರಣಾನೂ ಹೇಳಿದೆ. ಕಾರಣ ಗೊತ್ತಿದ್ರೆ ಕ್ರೆಡಿಟ್ ನೋಟು, ಫ್ರೀ ಸರ್ವೀಸು ಅಂತ ನೀವು ಹೆಸರು ಹಿಡಿದು ಹೇಳದೇ ಇರೋದನ್ನೂ ಅದು ಸಾಮಾನ್ಯವಾಗಿ ಮುಟ್ಟಲ್ಲ.

"ನೀನು 20 ವರ್ಷ ಅನುಭವ ಇರೋ ಮಾರ್ಕೆಟಿಂಗ್ ಗುರು" ಅಂತ ಶುರು ಮಾಡೋ ಪ್ರಾಂಪ್ಟ್‌ಗಳು ಎಲ್ಲಾ ಕಡೆ ಓಡಾಡ್ತವೆ. ನನ್ನ ಕೇಳಿದ್ರೆ ಅದ್ರಿಂದ ಧಾಟಿ ಸ್ವಲ್ಪ ಬದಲಾಗತ್ತೆ ಅಷ್ಟೇ, ಅದಕ್ಕೆ ಗೊತ್ತಿಲ್ಲದ ವಿಷಯ ಗುರು ಅಂದ ತಕ್ಷಣ ಗೊತ್ತಾಗಿಬಿಡಲ್ಲ. ಅದಕ್ಕಿಂತ ಓದೋರು ಯಾರು ಅಂತ ಹೇಳಿ. "ಇದನ್ನ ಓದೋದು ಫೈನಾನ್ಸ್ ಹೆಡ್, ಟೆಕ್ನಿಕಲ್ ವಿಷಯ ಗೊತ್ತಿಲ್ಲ, ಎರಡು ನಿಮಿಷ ಇದೆ, ಒಪ್ಪಿಗೆ ಕೊಡಬೇಕಾ ಬೇಡ್ವಾ ಅಂತ ತೀರ್ಮಾನ ಮಾಡ್ಬೇಕು" ಅಂದ್ರೆ ಏನ್ ಮೊದಲು ಬರ್ಬೇಕು, ಏನ್ ಬಿಡ್ಬೇಕು ಅನ್ನೋದು ತಾನಾಗೇ ಸರಿಹೋಗತ್ತೆ.

ಶೈಲಿ ವಿಷಯಕ್ಕೆ ಬಂದ್ರೆ ವಿವರಿಸೋಕೆ ಹೋಗ್ಬೇಡಿ, ಸ್ಯಾಂಪಲ್ ಕೊಡಿ. 2020ರಲ್ಲಿ ಜಿಪಿಟಿ-3 ಅನ್ನೋ ಮಾಡೆಲ್ ಬಂದಾಗ ಅದನ್ನ ಮಾಡಿದ ಓಪನ್ಎಐನವರು (ಚಾಟ್‌ಜಿಪಿಟಿನೂ ಇವರದೇ) ತೋರಿಸಿದ್ದೇ ಇದು, ಪ್ರಾಂಪ್ಟ್ ಒಳಗೇ ಒಂದಷ್ಟು ಉದಾಹರಣೆ ಹಾಕಿದ್ರೆ ಮಾಡೆಲನ್ನ ಮತ್ತೆ ಟ್ರೈನ್ ಮಾಡದೇನೇ ಅದು ಆ ಜಾಡು ಹಿಡಿಯತ್ತೆ ಅಂತ. "ಪ್ರೊಫೆಷನಲ್ ಆಗಿರ್ಲಿ ಆದ್ರೆ ಫ್ರೆಂಡ್ಲಿ ಆಗೂ ಇರ್ಲಿ" ಅಂದ್ರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ, ನೀವೇ ಬರೆದು ಕಳಿಸಿರೋ ಹಳೇ ಮೇಲು ಎರಡ್ಮೂರು ಪೇಸ್ಟ್ ಮಾಡಿ "ಇದೇ ಧಾಟಿ" ಅಂದ್ರೆ ಮುಗೀತು. ಕನ್ನಡದಲ್ಲಿ ಬರೆಸೋರಿಗಂತೂ ಇದು ಬೇಕೇಬೇಕು, ಇಲ್ದಿದ್ರೆ ಸರ್ಕಾರಿ ಸುತ್ತೋಲೆ ಥರ ಬರತ್ತೆ, ಇನ್ವಾಯ್ಸ್ ಡೆಲಿವರಿ ಅಂತ ಜನ ಆಡೋ ಮಾತೆಲ್ಲಾ ಮಾಯ. ಒಂದೇ ಎಚ್ಚರ, ಸ್ಯಾಂಪಲ್ ಎಲ್ಲಾ ಒಂದೇ ಥರ ಇರಬಾರ್ದು, ಮೂರೂ "ಧನ್ಯವಾದ" ಅಂತಾನೇ ಶುರುವಾಗಿದ್ರೆ ನಾಲ್ಕನೇದೂ ಅದರಿಂದಾನೇ ಶುರುವಾಗತ್ತೆ.

ಈಗ ಮೇಲು ಬಿಟ್ಟು ಇನ್ನೊಂದು ಥರ ಕೆಲಸ, ಗುಡ್ಡೆ ಬಿದ್ದಿರೋ ಫೀಡ್‌ಬ್ಯಾಕ್, ಮೀಟಿಂಗ್ ನೋಟ್ಸು, ಬಿಲ್ಲುಗಳಿಂದ ಮಾಹಿತಿ ತೆಗೆಯೋದು. ಇಲ್ಲಿ "ಸಾರಾಂಶ ಕೊಡು" ಅಂದ್ರೆ ಮತ್ತೆ ಅದೇ ಸಪ್ಪೆ ಪ್ಯಾರಾ. ಟೇಬಲ್ ಕೇಳಿ, ಕಾಲಂ ಹೆಸರೂ ನೀವೇ ಕೊಡಿ: ಕೆಲಸ, ಯಾರ ಜವಾಬ್ದಾರಿ, ಯಾವತ್ತಿಗೆ, ನೋಟ್ಸಲ್ಲಿ ಇದನ್ನ ಹೇಳಿರೋ ಸಾಲು. ಆ ಕೊನೇ ಕಾಲಂ ಮರೀಬೇಡಿ, ಚೆಕ್ ಮಾಡೋಕೆ ಅದೇ ಆಧಾರ. ಜೊತೆಗೆ "ಹೆಸರು ಅಥವಾ ದಿನಾಂಕ ನೋಟ್ಸಲ್ಲಿ ಇಲ್ದಿದ್ರೆ ಖಾಲಿ ಬಿಡು, ಊಹೆ ಮಾಡ್ಬೇಡ" ಅಂತ ಹಾಕಿ. ಖಾಲಿ ಬಿಡಬಹುದು ಅಂತ ಹೇಳದೇ ಹೋದ್ರೆ ಪ್ರತಿ ಕೋಣೆನೂ ತುಂಬಿಸೋದೇ ತನ್ನ ಕೆಲಸ ಅನ್ಕೊಂಡು ಯಾರದೋ ಹೆಸರು ಯಾವುದೋ ಡೇಟ್ ಕೂರಿಸತ್ತೆ, ನೋಡೋಕೆ ಮಾತ್ರ ಟೇಬಲ್ ನೀಟಾಗಿರತ್ತೆ.

ಇಲ್ಲದ್ದನ್ನ ಇದೆ ಅಂತ ಹೇಳೋ ಈ ಚಾಳಿ ಎಲ್ಲಿ ತನಕ ಹೋಗತ್ತೆ ಅನ್ನೋಕೆ 2023ರ ನ್ಯೂಯಾರ್ಕ್ ಕೇಸ್ ಒಂದು ಸಾಕು. ಏವಿಯಾಂಕಾ ಏರ್‌ಲೈನ್ಸ್ ವಿರುದ್ಧದ ಕೇಸಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೇ ತೀರ್ಪುಗಳನ್ನ ಕೋರ್ಟಿಗೆ ಕೊಟ್ರು, ಅವು ಇರ್ಲೇ ಇಲ್ಲ, 5000 ಡಾಲರ್ ದಂಡ ಬಿತ್ತು. ಮಜಾ ಅಂದ್ರೆ ಇವು ನಿಜವಾದ ಕೇಸುಗಳಾ ಅಂತ ವಕೀಲರು ಅದನ್ನೇ ಕೇಳಿದ್ರು, ಅದು ಹೌದು ಅಂತು. ಹಾಗಾಗಿ "ಇದು ಸರಿನಾ" ಅಂತ ಅದನ್ನೇ ಕೇಳೋದು ಚೆಕಿಂಗ್ ಅಲ್ಲ. ಮಾಹಿತಿ ನೀವೇ ಪೇಸ್ಟ್ ಮಾಡಿ, "ಇದರಲ್ಲಿ ಇರೋದನ್ನ ಮಾತ್ರ ಬಳಸು, ಇದರಲ್ಲಿ ಸಿಗದಿದ್ರೆ ಸಿಗಲಿಲ್ಲ ಅಂತ ಹೇಳು" ಅನ್ನಿ, ಆಮೇಲೆ ಕಣ್ಣಲ್ಲಿ ಒಂದ್ಸಲ ನೋಡಿ. ದೊಡ್ಡ ಕೂಡು ಕಳೆಯೋ ಲೆಕ್ಕನೂ ಅಷ್ಟೇ, ಉತ್ತರ ಕೇಳೋ ಬದಲು ಎಕ್ಸೆಲ್ ಫಾರ್ಮುಲಾ ಕೇಳಿ, ಲೆಕ್ಕ ಎಕ್ಸೆಲ್ಲೇ ಮಾಡ್ಲಿ.

ಉದ್ದದ ಡಾಕ್ಯುಮೆಂಟ್ ಹಾಕೋವಾಗ ಡಾಕ್ಯುಮೆಂಟ್ ಮೇಲೆ, ಏನ್ ಮಾಡ್ಬೇಕು ಅನ್ನೋದು ಕೆಳಗೆ ಕೊನೇಲಿ ಇರ್ಲಿ. ಉದ್ದ ಪಠ್ಯದ ಮಧ್ಯದಲ್ಲಿರೋ ವಿಷಯನ ಮಾಡೆಲ್‌ಗಳು ತಪ್ಪಿಸಿಕೊಳ್ಳೋದು ಜಾಸ್ತಿ ಅಂತ 2023ರಲ್ಲೇ ಸಂಶೋಧನೆ ಮಾಡಿದೋರು ತೋರಿಸಿದ್ದಾರೆ, ಈಗಿನವು ಎಷ್ಟೋ ಸುಧಾರಿಸಿದ್ರೂ ಈ ಅಭ್ಯಾಸದಿಂದ ನಷ್ಟವೇನಿಲ್ಲ. ಎಲ್ಲಿಂದ ಎಲ್ಲಿವರೆಗೆ ಕಸ್ಟಮರ್ ಮಾತು, ಎಲ್ಲಿಂದ ನಿಮ್ಮ ಮಾತು ಅಂತ ಗೆರೆ ಹಾಕಿ ಬೇರೆ ಮಾಡಿ. ಹೊರಗಿನವರ ಪಠ್ಯದ ಒಳಗೆ "ಮೇಲಿನ ಸೂಚನೆ ಮರೆತುಬಿಡು" ಅಂತ ಯಾರಾದ್ರೂ ಬೇಕಂತಾನೇ ಬರೆದಿದ್ರೆ ಅದು ಅವರ ಮಾತೇ ಕೇಳೋ ಅಪಾಯನೂ ಇದೆ, ಗೆರೆ ಹಾಕಿದ್ರೂ ಇದು ಪೂರ್ತಿ ನಿಲ್ಲಲ್ಲ, ಆದ್ರಿಂದ ಮೇಲ್ ಓದಿ ತಾನೇ ಉತ್ತರ ಕಳಿಸೋ ಥರ ಸೆಟ್ ಮಾಡೋ ಮುಂಚೆ ಎರಡು ಸಲ ಯೋಚನೆ ಮಾಡಿ.

ಕಸ್ಟಮರ್ ಫೋನ್ ನಂಬರು, ಸಂಬಳದ ಪಟ್ಟಿ, ಪಾಸ್‌ವರ್ಡ್, ಹೊರಗೆ ಬಿಡದ ಕೋಡು ಇದ್ಯಾವುದನ್ನೂ ಕಂಪನಿ ಒಪ್ಪಿರೋ ಟೂಲ್ ಬಿಟ್ಟು ಬೇರೆ ಕಡೆ ಹಾಕ್ಬೇಡಿ. 2023ರಲ್ಲಿ ಸ್ಯಾಮ್‌ಸಂಗ್ ತನ್ನ ಉದ್ಯೋಗಿಗಳಿಗೆ ಇಂಥ ಟೂಲ್‌ಗಳನ್ನ ನಿಲ್ಲಿಸಿದ್ದು ಒಳಗಿನ ಕೋಡ್ ಚಾಟ್‌ಜಿಪಿಟಿಗೆ ಹೋಗಿದ್ದಕ್ಕೇ. ಹೆಸರಿನ ಜಾಗಕ್ಕೆ ಕಸ್ಟಮರ್ 1, ಕಸ್ಟಮರ್ 2 ಅಂತ ಹಾಕಿದ್ರೂ ಕೆಲಸ ನಡೆಯತ್ತೆ.

ಏನೇನ್ ಹೇಳ್ಬೇಕು ಅಂತಾನೇ ಹೊಳೀತಿಲ್ವಾ, ಅದಕ್ಕೇ ಬಿಡಿ: "ಬರೆಯೋ ಮುಂಚೆ ನಿನಗೆ ಗೊತ್ತಿರಬೇಕಾದ ಪ್ರಶ್ನೆಗಳನ್ನ ಕೇಳು." ಅದು ಕೇಳೋ ಪ್ರಶ್ನೆಲಿ ಅರ್ಧ ಬೇಡದೇ ಇರೋವು, ಇನ್ನರ್ಧ ನೀವು ಮರೆತಿರೋವೇ ಆಗಿರತ್ತೆ. ಬಂದ ಉತ್ತರ ಇಷ್ಟ ಆಗ್ದಿದ್ರೆ "ಇನ್ನೂ ಚೆನ್ನಾಗ್ ಮಾಡು" ಅನ್ಬೇಡಿ, "ಎರಡನೇ ಪ್ಯಾರಾ ತೆಗಿ, ದಿನಾಂಕ ಮೇಲೆ ತಾ" ಅಂತ ಬೆರಳಿಟ್ಟು ತೋರಿಸಿ. ನಾಲ್ಕೈದು ಸಲ ತಿದ್ದಿದ್ರೂ ಸರಿಹೋಗ್ಲಿಲ್ಲ ಅಂದ್ರೆ ಹೊಸ ಚಾಟ್ ತೆಗೆದು, ಇಷ್ಟೊತ್ತು ಹೇಳಿದ್ದನ್ನೆಲ್ಲಾ ಸೇರಿಸಿ ಒಂದೇ ಪ್ರಾಂಪ್ಟ್ ಮಾಡಿ ಹಾಕಿ, ಯಾಕಂದ್ರೆ ಹಳೇ ಚಾಟಲ್ಲಿ ಆ ಕೆಟ್ಟ ಡ್ರಾಫ್ಟ್‌ಗಳೆಲ್ಲಾ ಅದರ ಕಣ್ಣ ಮುಂದೇನೇ ಇರ್ತವೆ. ಮತ್ತೆ ನೀವು ಬರೆದಿದ್ದನ್ನ ತೋರಿಸಿ "ಹೇಗಿದೆ" ಅಂದ್ರೆ ಹೊಗಳೋದೇ ಜಾಸ್ತಿ. "ಈ ಪ್ರಪೋಸಲ್‌ನ ರಿಜೆಕ್ಟ್ ಮಾಡೋಕೆ ಒಬ್ಬ ಕ್ಲೈಂಟ್ ಕೊಡಬಹುದಾದ ಮೂರು ಕಾರಣ ಹೇಳು" ಅಂದ್ರೆ ಉಪಯೋಗಕ್ಕೆ ಬರೋದು ಸಿಗತ್ತೆ.

ಚೆನ್ನಾಗ್ ಕೆಲಸ ಮಾಡಿದ ಪ್ರಾಂಪ್ಟ್‌ನ ಬದಲಾಗೋ ಜಾಗಗಳು ಖಾಲಿ ಬಿಟ್ಟು ಟೀಮಿನ ಶೇರ್ಡ್ ಡಾಕ್ಯುಮೆಂಟಲ್ಲಿ ಇಡಿ. ಇಡೋ ಮುಂಚೆ ಹಳೇ ಕೇಸ್ ಒಂದಷ್ಟು ಹಾಕಿ ನೋಡಿ, ಸುಲಭದ್ದಲ್ಲ, ಕಿರಿಕ್ ಇರೋವು: ಅರ್ಧಕ್ಕೆ ನಿಂತಿರೋ ಮೇಲು, ಎರಡು ಕಂಪ್ಲೇಂಟ್ ಒಂದೇ ಕಡೆ ಬರೆದಿರೋದು, ಬರೀ ಬೈಗುಳ ಇರೋದು. ಆ ಕೇಸ್‌ಗಳನ್ನೂ ಪ್ರಾಂಪ್ಟ್ ಜೊತೇಲೇ ಉಳಿಸ್ಕೊಳ್ಳಿ, ಯಾಕಂದ್ರೆ ಕಂಪನಿಗಳು ಮಾಡೆಲ್ ಬದಲಾಯಿಸ್ತಾನೇ ಇರ್ತವೆ, ಹೊಸದು ಬಂದ ದಿನ ಅವನ್ನೇ ಮತ್ತೆ ಓಡಿಸಿದ್ರೆ ಎಲ್ಲಿ ಕೈಕೊಡ್ತಿದೆ ಅಂತ ಅರ್ಧ ಗಂಟೇಲಿ ಗೊತ್ತಾಗಿಹೋಗತ್ತೆ.