ಬಯಲಿನಲ್ಲಿ ಕಂಡದ್ದರಿಂದ, ಕಾಲು ಜಾರಿದ್ದರಿಂದ ಭರವಸೆಯ ಪಾಠ ತೆಗೆಯುವುದು ಹೇಗೆ?

ಹದ್ದಿಗೆ ನಲವತ್ತು ವರ್ಷ ತುಂಬಿದಾಗ ಅದು ಬೆಟ್ಟದ ತುದಿಗೆ ಹೋಗಿ, ಕೊಕ್ಕನ್ನು ಬಂಡೆಗೆ ಬಡಿದು ಮುರಿದುಕೊಂಡು, ಹೊಸ ಕೊಕ್ಕು ಬಂದ ಮೇಲೆ ಹಳೆಯ ಉಗುರು ಗರಿಗಳನ್ನು ಕಿತ್ತೊಗೆದು, ಮತ್ತೆ ಮೂವತ್ತು ವರ್ಷ ಬಾಳುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು. ಯಾವ ಹದ್ದೂ ಹೀಗೆ ಮಾಡುವುದಿಲ್ಲ. ಕೊಕ್ಕನ್ನು ಬುಡಸಹಿತ ಮುರಿದುಕೊಂಡ ಹದ್ದು ತಿನ್ನಲಾಗದೆ ಸಾಯುತ್ತದೆ. ನಿಜವಾಗಿ ನಡೆಯುವುದೇ ಬೇರೆ: ಹಕ್ಕಿಯ ಕೊಕ್ಕೂ ಉಗುರೂ ಬದುಕಿನುದ್ದಕ್ಕೂ ಒಂದೆಡೆ ಸವೆಯುತ್ತ ಇನ್ನೊಂದೆಡೆ ಬೆಳೆಯುತ್ತ ಇರುತ್ತವೆ, ಹಳೆಯ ಗರಿಗಳು ಕೆಲವೇ ಕೆಲವಾಗಿ ಉದುರಿ ಅವುಗಳ ಜಾಗದಲ್ಲಿ ಹೊಸವು ಬರುವಾಗ ಹದ್ದು ಹಾರಾಟವನ್ನೂ ಬೇಟೆಯನ್ನೂ ನಿಲ್ಲಿಸುವುದಿಲ್ಲ. ಬದುಕನ್ನು ಹೊಸದಾಗಿಸಿಕೊಳ್ಳಲು ಎಲ್ಲವನ್ನೂ ಒಡೆದು ಕೆಡವಬೇಕಿಲ್ಲ, ದಿನದ ಕೆಲಸ ಮಾಡುತ್ತಲೇ ಒಂದೊಂದು ಗರಿ ಬದಲಿಸಿಕೊಳ್ಳಬಹುದು ಎಂಬ ಮಾತು ಇದರಿಂದ ಹೊರಡುತ್ತದೆ. ಸಂಸಾರ, ಸಾಲ, ನೌಕರಿ ಹೊತ್ತುಕೊಂಡವನಿಗೆ ಬೆಟ್ಟದ ತುದಿಯ ಕಥೆಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೊರಗೆ ಕಂಡದ್ದರಿಂದ ಬದುಕಿಗೆ ಭರವಸೆ ಪಡೆಯಬೇಕೆನ್ನುವವರು ಮೊದಲು ಇಟ್ಟುಕೊಳ್ಳಬೇಕಾದ ನಿಯಮ ಇದೇ: ಸಂಗತಿ ಮೊದಲು, ಪಾಠ ಆಮೇಲೆ. ಕಂಡ ಕೂಡಲೇ ನೀತಿ ಹುಡುಕುವವರಿಗೆ ತಾವು ಮೊದಲೇ ನಂಬಿದ್ದ ಮಾತೇ ಮರಳಿ ಸಿಗುತ್ತದೆ. ಹಕ್ಕಿಯೋ ಮಣ್ಣೋ ಅಲ್ಲಿ ನೆಪಕ್ಕೆ ಮಾತ್ರ ಇರುತ್ತದೆ. ಆದ್ದರಿಂದ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆ, ನೃಪತುಂಗ ಬೆಟ್ಟ, ಧಾರವಾಡದ ಕೆಲಗೇರಿ ಕೆರೆ, ವಿಶ್ವವಿದ್ಯಾಲಯದ ಆವರಣ ಅಥವಾ ನಿಮ್ಮೂರ ಹೊರಗಿನ ಹೊಲದ ದಾರಿ, ಹೀಗೆ ಯಾವುದಾದರೂ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ದಿನಕ್ಕೊಂದು ಹೊಸ ಜಾಗ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ, ಬದಲಾವಣೆ ಕಾಣದವರಿಗೆ ಕಾರಣ ಹೊಳೆಯುವುದಿಲ್ಲ. ಎಡಪುಟದಲ್ಲಿ ಕಂಡದ್ದನ್ನಷ್ಟೇ ಬರೆಯಿರಿ, ಬಲಪುಟವನ್ನು ಖಾಲಿ ಬಿಡಿ. ಕಾರಣವನ್ನು ವಿಚಾರಿಸಿ ತಿಳಿದುಕೊಂಡ ಮೇಲೆಯೇ ಬಲಪುಟ ತುಂಬಬೇಕು. ಅದಕ್ಕೆ ವಾರವೇ ಹಿಡಿದರೂ ಅಡ್ಡಿಯಿಲ್ಲ.

ನಮ್ಮ ಭಾಗದಲ್ಲಿ ಈ ಅಭ್ಯಾಸಕ್ಕೆ ಎರೆಮಣ್ಣಿಗಿಂತ, ಅಂದರೆ ಕಪ್ಪು ಜೇಡಿಮಣ್ಣಿಗಿಂತ, ಒಳ್ಳೆಯ ಗುರು ಸಿಗಲಾರದು. ಧಾರವಾಡದ ಪಶ್ಚಿಮಕ್ಕೆ ಕೆಂಪು ನೆಲ, ಮಲೆನಾಡಿನ ಸೆರಗು. ಹುಬ್ಬಳ್ಳಿ ದಾಟಿ ನವಲಗುಂದ, ಗದಗ, ರೋಣದ ಕಡೆ ಹೊರಟರೆ ಕಣ್ಣು ಹಾಯುವವರೆಗೂ ಕರಿನೆಲ. ಮಳೆಗಾಲದಲ್ಲಿ ಈ ನೆಲದಲ್ಲಿ ಕಾಲಿಟ್ಟವರ ಚಪ್ಪಲಿ ಅಲ್ಲೇ ಉಳಿಯುತ್ತದೆ, ಬೈಕಿನ ಚಕ್ರ ಮಡ್‌ಗಾರ್ಡಿನವರೆಗೂ ಕೆಸರು ಕಟ್ಟಿಕೊಂಡು ತಿರುಗುವುದನ್ನೇ ನಿಲ್ಲಿಸುತ್ತದೆ, ನಡೆಯುವವರು ಹೆಜ್ಜೆಗೊಮ್ಮೆ ಜಾರುತ್ತಾರೆ. ಕಾರಣ ಕೇಳಿದರೆ ಚಿತ್ರವೇ ಬದಲಾಗುತ್ತದೆ. ಈ ಮಣ್ಣಿನ ಜೇಡಿ ಕಣಗಳು ನೀರನ್ನು ತಮ್ಮ ಪದರಗಳ ನಡುವೆ ಎಳೆದುಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಹೊಲದ ತುಂಬ ಕೈ ಇಳಿಯುವಷ್ಟು ಬಿರುಕು ಬಿಡುತ್ತವೆ. ಮೊದಲ ಮಳೆಗಳ ನೀರು ಆ ಬಿರುಕುಗಳಿಂದಲೇ ನೇರವಾಗಿ ಆಳಕ್ಕಿಳಿಯುತ್ತದೆ, ಮೇಲಿನ ಹುಡಿಮಣ್ಣೂ ಅದರೊಡನೆ ಒಳಗೆ ಬಿದ್ದು ನೆಲ ತನ್ನನ್ನು ತಾನೇ ತಿರುವಿ ಹಾಕಿಕೊಳ್ಳುತ್ತದೆ, ಆಮೇಲೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳು ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹಸಿರಾಗಿ ನಿಲ್ಲುವುದು ಹೆಚ್ಚಾಗಿ ಹೀಗೆ ಹಿಡಿದಿಟ್ಟ ತೇವದ ಮೇಲೆ.

ಕಾಲನ್ನು ಬಿಡದ ಗುಣವೂ ನೀರನ್ನು ಬಿಡದ ಗುಣವೂ ಒಂದೇ. ಇದನ್ನು ತಿಳಿದ ಮೇಲೆ ಬಲಪುಟದಲ್ಲಿ ಬರೆಯಬೇಕಾದದ್ದು ‘ಕಷ್ಟದ ಹಿಂದೆ ಸುಖ’ ಎಂಬ ಎಲ್ಲೆಡೆ ಸಲ್ಲುವ ಮಾತಾಗಬಾರದು. ಅಂಥ ಮಾತು ಹೇಳಲು ಹೊಲಕ್ಕೆ ಹೋಗಬೇಕಾಗಿಯೇ ಇರಲಿಲ್ಲ. ನಿಮ್ಮಲ್ಲಿ ಅಥವಾ ಮನೆಯವರಲ್ಲಿ ದಿನವೂ ಕಿರಿಕಿರಿ ಮಾಡುವ ಒಂದು ಸ್ವಭಾವ ಯಾವುದು, ಅದೇ ಸ್ವಭಾವ ಬೇರೆ ಋತುವಿನಲ್ಲಿ ಏನನ್ನು ಹಿಡಿದಿಟ್ಟಿದೆ ಎಂದು ಕೇಳಿಕೊಳ್ಳಿ. ಒಂದೇ ಮಾತನ್ನು ಹತ್ತು ಸಲ ಹೇಳುವ ಅತ್ತೆಯೇ ಕಾಯಿಲೆಯ ದಿನಗಳಲ್ಲಿ ಹೊತ್ತು ತಪ್ಪದೆ ಗುಳಿಗೆ ಕೊಡುವವರಾಗಿರಬಹುದು. ಉತ್ತರ ಇಷ್ಟು ನಿರ್ದಿಷ್ಟವಾಗಿ ಬಂದರೆ ಪಾಠ ಕೈಗೆ ಸಿಕ್ಕಿತೆಂದು ತಿಳಿಯಬಹುದು, ಬಾರದಿದ್ದರೆ ಪುಟ ಖಾಲಿಯೇ ಇರಲಿ.

ಅದೇ ಹೊಲದಲ್ಲಿ ರೈತರನ್ನು ಮಾತನಾಡಿಸಿದರೆ ಇನ್ನೊಂದು ಸಂಗತಿಯೂ ದೊರೆಯುತ್ತದೆ. ಮಳೆ ನಿಂತು ಬಿಸಿಲು ಬಿದ್ದ ಮರುದಿನವೇ ಯಾಕೆ ಬಿತ್ತುತ್ತಿಲ್ಲವೆಂದು ಕೇಳಿ ನೋಡಿ. ಅವರು ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಅದುಮಿ, ಅದು ಅಂಟುತ್ತದೋ ಪುಡಿಯಾಗುತ್ತದೋ ನೋಡಿ, “ಇನ್ನಾ ಹದ ಬಂದಿಲ್ರೀ, ಎರಡ್ ದಿನ ತಡೀಬೇಕು” ಎನ್ನುತ್ತಾರೆ. ಹಸಿ ಎರೆಯಲ್ಲಿ ಕುಂಟೆ ಕೂರಿಗೆ ಇಳಿಸಿದರೆ ಮಣ್ಣು ಹೆಂಟೆಗಟ್ಟಿ ಬೀಜ ಕೆಡುತ್ತದೆ, ತೀರ ತಡಮಾಡಿದರೆ ನೆಲ ಗಟ್ಟಿಯಾಗುತ್ತದೆ. ಆ ಎರಡು ದಿನ ಅವರು ಸುಮ್ಮನೆ ಕೂತಿರುವುದಿಲ್ಲ. ದಿನವೂ ಬಂದು ಮಣ್ಣು ಮುಟ್ಟಿ ನೋಡುತ್ತಾರೆ. ಪರೀಕ್ಷೆಯ ಫಲಿತಾಂಶಕ್ಕೋ ಮದುವೆಯ ಮಾತುಕತೆಗೋ ಆಸ್ಪತ್ರೆಯ ವರದಿಗೋ ಕಾಯುತ್ತಿರುವವರು ಇದನ್ನು ಗಮನಿಸಬೇಕು. ಕಾಯುವುದರಲ್ಲೂ ದಿನಕ್ಕೊಮ್ಮೆ ಮಾಡುವ ಒಂದು ಸಣ್ಣ ಕೆಲಸವಿರುತ್ತದೆ, ಅದನ್ನು ಕಂಡುಕೊಂಡವರ ಕಳವಳ ಅಷ್ಟರಮಟ್ಟಿಗೆ ಇಳಿಯುತ್ತದೆ.

ಮಳೆಗಾಲದ ಗಾಳಿಗೆ ಜಾಲಿಮರದಿಂದಲೋ ಬಾವಿಯ ಮೇಲೆ ಬಾಗಿದ ಕೊಂಬೆಯಿಂದಲೋ ಕಳಚಿಬಿದ್ದ ಗೀಜಗನ ಗೂಡನ್ನು ದಾರಿಯಲ್ಲಿ ಕಂಡವರು ಕೂಡಲೇ ‘ಸೋತರೂ ಮತ್ತೆ ಕಟ್ಟು’ ಎಂದು ಬರೆದುಬಿಡುತ್ತಾರೆ. ಸ್ವಲ್ಪ ತಾಳಿ, ಗೂಡನ್ನು ತಿರುವಿ ನೋಡಿ. ಉದ್ದನೆಯ ಕೊಳವೆಯಂಥ ಬಾಗಿಲು ಇದೆಯೇ, ಅಥವಾ ಶಿರಸ್ತ್ರಾಣದ ಆಕಾರದಲ್ಲಿ ಅರ್ಧಕ್ಕೇ ನಿಂತಿದೆಯೇ? ಗೂಡು ಕಟ್ಟುವುದು ಗಂಡು. ಹುಲ್ಲಿನ, ತಾಳೆಗರಿಯ ಹಸಿರು ಸೀಳುಗಳನ್ನು ತಂದು ಅರ್ಧ ಕಟ್ಟಿ, ರೆಕ್ಕೆ ಬಡಿಯುತ್ತ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸಿ ಒಪ್ಪಿದರೆ ಮಾತ್ರ ಉಳಿದರ್ಧವೂ ಕೊಳವೆಯೂ ಪೂರ್ಣವಾಗುತ್ತವೆ. ಒಪ್ಪದಿದ್ದರೆ ಗಂಡು ಅದನ್ನು ಅಲ್ಲಿಗೇ ಬಿಟ್ಟು ಇನ್ನೊಂದನ್ನು ಶುರುಮಾಡುತ್ತದೆ. ನಿಮ್ಮ ಕೈಯಲ್ಲಿರುವುದು ಅರ್ಧಗೂಡಾದರೆ ಅದನ್ನು ಸೋಲಿನ ಗುರುತೆಂದು ಓದುವುದಕ್ಕಿಂತ ಜಾಣತನದ ಗುರುತೆಂದು ಓದುವುದು ಸರಿ. ಪೂರ್ತಿ ಕಟ್ಟಿದ ಮೇಲೆ ತಿರಸ್ಕಾರ ಉಣ್ಣುವುದಕ್ಕಿಂತ ಅರ್ಧದಲ್ಲೇ ತೋರಿಸಿ ಕೇಳಿಕೊಂಡರೆ ನಷ್ಟ ಕಡಿಮೆ, ಮತ್ತೊಂದಕ್ಕೆ ಶಕ್ತಿ ಉಳಿಯುತ್ತದೆ. ಹೊಸ ಅಂಗಡಿ ಹಾಕುವವರು, ಪ್ರಬಂಧ ಬರೆಯುವ ವಿದ್ಯಾರ್ಥಿಗಳು, ಕಸೂತಿ ಕಲಿಯುತ್ತಿರುವವರು ಇದನ್ನು ನಾಳೆಯೇ ಮಾಡಿ ನೋಡಬಹುದು. ಪಾಠವೊಂದು ಗಟ್ಟಿಯೋ ಜೊಳ್ಳೋ ಎಂದು ತಿಳಿಯಲು ನಾನು ಬಳಸುವ ಅಳತೆಯೂ ಅದೇ: ನಾಳೆ ಬೆಳಿಗ್ಗೆ ಮಾಡಬಹುದಾದ ಒಂದು ಕೆಲಸ ಅದರಿಂದ ಹುಟ್ಟಬೇಕು.

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆಯೂ ಇಂಥದೇ ಅವಸರದ ಮಾತು ಚಾಲ್ತಿಯಲ್ಲಿದೆ: ಹಿಮಾಲಯವನ್ನೇ ದಾಟಿ ಬರುವ ಇವುಗಳಂತೆ ಎತ್ತರಕ್ಕೆ ಹಾರಿರಿ, ಇಳಿಯಬೇಡಿರಿ ಎಂದು. ಮಂಗೋಲಿಯ, ಟಿಬೆಟ್ಟುಗಳ ಕಡೆ ಮರಿ ಮಾಡುವ ಈ ಹಕ್ಕಿಗಳಿಗೆ ಸಣ್ಣ ಯಂತ್ರ ಕಟ್ಟಿ ಅಭ್ಯಸಿಸಿದಾಗ ತಿಳಿದದ್ದು ಬೇರೆ. ಅಪರೂಪಕ್ಕೆ 7,000 ಮೀಟರಿಗಿಂತ ಮೇಲೆ ಹಾರಿದ ದಾಖಲೆಯಿದ್ದರೂ, ಅವು ಎತ್ತರವನ್ನು ಹಿಡಿದುಕೊಂಡೇ ಸಾಗುವುದಿಲ್ಲ. ನೆಲ ಏರಿದಂತೆ ಏರಿ, ಕಣಿವೆ ಬಂದಾಗ ಕಷ್ಟಪಟ್ಟು ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟು ಇಳಿದು, ಮತ್ತೆ ಏರುತ್ತವೆ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯಲು ಹೆಚ್ಚು ಶಕ್ತಿ ಬೇಕಾಗುವುದರಿಂದ ಇಳಿದು ಏರುವುದೇ ಅಗ್ಗ. ನೌಕರಿ ಬಿಟ್ಟು ಊರಿಗೆ ಮರಳಿದವರಿಗೆ, ಒಂದು ವರ್ಷ ಓದು ನಿಲ್ಲಿಸಬೇಕಾದ ಮಕ್ಕಳಿಗೆ ಹೇಳಬೇಕಾದದ್ದು ಇದು. ಇಳಿದದ್ದು ದಾರಿಯ ಭಾಗವಾಗಿಯೇ ಇರಬಹುದು.

ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು, ನೋಡಲು ಬರುವವರೂ ಇದ್ದಾರೆ. ಆದರೆ ಈ ಹೆಬ್ಬಾತುಗಳು ಹೊಟ್ಟೆ ಹೊರೆಯುವುದು ಸುತ್ತಲಿನ ಹೊಲಗಳಲ್ಲಿ. ನೀವು ತೆಗೆದ ಪಾಠವನ್ನು ಆ ಹೊಲದ ಯಜಮಾನನೆದುರು ನಿಂತು ಮುಜುಗರವಿಲ್ಲದೆ ಹೇಳಲು ಸಾಧ್ಯವೇ ಎಂದೂ ಒಮ್ಮೆ ಯೋಚಿಸಿ. ಒಬ್ಬರ ನಷ್ಟದ ಮೇಲೆ ಇನ್ನೊಬ್ಬರು ಭರವಸೆ ಕಟ್ಟಿಕೊಳ್ಳುವುದು ಸುಲಭ, ಚೆಂದವಲ್ಲ. ಇದೇ ಕಾರಣಕ್ಕೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಚಿಗರಿಗಳ ಹಿಂಡು ಕಂಡು ಹಿಗ್ಗಿದವರು, ಅದೇ ಬಯಲಿನಲ್ಲಿ ಒಂದು ಕಾಲಕ್ಕೆ ಕಾಣುತ್ತಿದ್ದ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ, ಈಗ ಇಲ್ಲವೆಂಬುದನ್ನೂ ಎಡಪುಟದಲ್ಲಿ ಬರೆದುಕೊಳ್ಳಬೇಕು. 1974ರಲ್ಲಿ ಘೋಷಿಸಿದ ರಕ್ಷಣೆಯ ನೆರಳಿನಲ್ಲಿ ಒಂದು ಜೀವಿ ಹೆಚ್ಚಿತು, ಇನ್ನೊಂದು ಕಣ್ಮರೆಯಾಯಿತು. ಎರಡನ್ನೂ ಬರೆದ ಪುಟದಿಂದ ಬರುವ ಭರವಸೆ ಸಣ್ಣದಾದರೂ ನಂಬಿಕೆಗೆ ಯೋಗ್ಯ.

ಇನ್ನು ಅವಘಡಗಳ ವಿಷಯ. ಇಲ್ಲಿ ಮೊದಲ ಕೆಲಸ ದೇಹದ ಆರೈಕೆ, ಚಿಂತನೆಗೆ ಆಮೇಲೆ ಹೊತ್ತು ಇದ್ದೇ ಇದೆ. ನಾಯಿ ಕಚ್ಚಿದರೆ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ಗಾಯ ತೊಳೆದು ಅದೇ ದಿನ ಲಸಿಕೆಗೆ ಹೋಗಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಭಾಗವನ್ನು ಅಲುಗಾಡಿಸದೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಒಂಟಿ ಮರದಡಿ ನಿಲ್ಲಬಾರದು. ಬೆಣ್ಣೆಹಳ್ಳ ಬೇಸಿಗೆಯಲ್ಲಿ ನಡೆದು ದಾಟುವಂತಿದ್ದರೂ ಮೇಲ್ಭಾಗದಲ್ಲಿ ಮಳೆಯಾದಾಗ, ನೀವು ನಿಂತಲ್ಲಿ ಒಂದು ಹನಿಯೂ ಬೀಳದೆ, ತುಂಬಿ ಬರಬಲ್ಲದು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಹಿಂದಕ್ಕೆ ತಿರುಗಿ. ಅಲ್ಲಿ ಹುಡುಕಬೇಕಾದ ಪಾಠವೇನೂ ಇಲ್ಲ.

ಸಣ್ಣ ಅವಘಡಗಳು ಬೇರೆ: ನೆಗ್ಗಿಲಮುಳ್ಳು ಚುಚ್ಚಿ ಸೈಕಲ್ ಪಂಕ್ಚರ್ ಆಗುವುದು, ಕೊನೆಯ ಬಸ್ಸು ತಪ್ಪುವುದು, ಬ್ಯಾಡಗಿಯ ಕಡೆ ಅಂಗಳದಲ್ಲಿ ಹರವಿದ ಮೆಣಸಿನಕಾಯಿಯ ಮೇಲೆ ಅಕಾಲದ ಮಳೆ ಸುರಿಯುವುದು. (ಮೆಣಸಿನಕಾಯಿ ಬೆಳೆದವರ ಪಾಲಿಗೆ ಕೊನೆಯದು ಸಣ್ಣದೇನಲ್ಲ, ಅವರಿಗೆ ಯಾರೂ ಆ ದಿನ ಪಾಠ ಹೇಳಹೋಗಬಾರದು.) ನಡೆದದ್ದನ್ನು ಅದೇ ರಾತ್ರಿ ವಿಶೇಷಣಗಳಿಲ್ಲದೆ ಬರೆಯಿರಿ, ‘ಹಾಳಾದ ರಸ್ತೆ’ ಎನ್ನುವ ಬದಲು ‘ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು, ತಿರುವಿನಲ್ಲಿ ಕೆಸರಿತ್ತು’ ಎನ್ನಿ. ಸಿಟ್ಟು ಇಳಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ: ನನ್ನ ಕೈಯಲ್ಲಿ ಏನಿತ್ತು, ಏನಿರಲಿಲ್ಲ, ಯಾರು ಬಂದರು? ಮೊದಲೆರಡಕ್ಕೆ ಉತ್ತರ ಬೇಗ ಸಿಗುತ್ತದೆ. ಮೂರನೆಯದನ್ನು ಜನ ಮರೆಯುತ್ತಾರೆ, ಭರವಸೆ ಹೆಚ್ಚಾಗಿ ಇರುವುದೂ ಅಲ್ಲಿಯೇ. ನಮ್ಮ ಕಡೆ ದಾರಿಯಲ್ಲಿ ಗಾಡಿ ನಿಲ್ಲಿಸಿಕೊಂಡು ನಿಂತವರನ್ನು “ಯಾಕ್ರೀ, ಏನಾತು?” ಎಂದು ಕೇಳದೆ ಹೋಗುವವರು ಕಡಿಮೆ. ಟ್ರ್ಯಾಕ್ಟರ್ ನಿಲ್ಲಿಸಿ ಸೈಕಲ್ಲನ್ನು ಹಿಂದೆ ಹಾಕಿಕೊಂಡವರು ಯಾರು, ಬಾಟಲಿ ನೀರು ಕೊಟ್ಟವರು ಯಾರು, ಅವರ ಮಾತೇನು ಎಂಬುದನ್ನು ಹೆಸರು ಗೊತ್ತಿಲ್ಲದಿದ್ದರೂ ಬರೆದಿಡಿ.

ಮಕ್ಕಳನ್ನು ಕರೆದೊಯ್ಯುವವರು ‘ಇದರಿಂದ ಏನು ಕಲಿತಿ?’ ಎಂದು ಕೇಳದಿರುವುದು ಮೇಲು, ಆ ಪ್ರಶ್ನೆ ಕೇಳಿದ ಕೂಡಲೇ ಅವರು ಶಾಲೆಯ ಉತ್ತರವನ್ನೇ ಕೊಡುತ್ತಾರೆ. ಮಿರಗ (ಮೃಗಶಿರಾ) ಮಳೆ ಬಿದ್ದಾಗ ನೆಲದಿಂದ ಹೊರಡುವ ಕೆಂಪು ಮಖಮಲ್ಲಿನಂಥ ಹುಳುವನ್ನು ತೋರಿಸಿ, ಅದಕ್ಕೆ ಎಷ್ಟು ಕಾಲುಗಳಿವೆ ಎಣಿಸು ಎನ್ನಿ. ಎಂಟು ಎಣಿಸಿದ ಮಗು ತಾನಾಗಿಯೇ ಅದು ಜೇಡದ ಬಳಗವೇ ಎಂದು ಕೇಳುತ್ತದೆ, ಉಳಿದ ತಿಂಗಳುಗಳಲ್ಲಿ ಎಲ್ಲಿತ್ತು ಎಂದೂ ಕೇಳುತ್ತದೆ. ವರ್ಷದ ಬಹುಪಾಲು ಮಣ್ಣಿನೊಳಗೇ ಇತ್ತು ಎಂದಷ್ಟೇ ಹೇಳಿ ಸುಮ್ಮನಾಗಿ.

ನೋಟ್‌ಬುಕ್ಕನ್ನು ವರ್ಷಕ್ಕೆರಡು ಸಲ, ಕಾರಹುಣ್ಣಿಮೆಯ ಸುಮಾರಿಗೆ ಮತ್ತು ಸೀಗಿಹುಣ್ಣಿಮೆಯ ಸುಮಾರಿಗೆ, ತಿರುವಿ ಹಾಕಿ. ಮುಂಗಾರಿನಲ್ಲಿ ಬರೆದದ್ದು ಹಿಂಗಾರಿಯಲ್ಲಿ ಸುಳ್ಳೆನಿಸಿದರೆ ಹೊಡೆದುಹಾಕಿ. ಸಂಗತಿ ತಪ್ಪಾಗಿದ್ದರೆ ಎಡಪುಟವನ್ನೂ ತಿದ್ದಿ. ಬಲಪುಟ ಖಾಲಿ ಉಳಿದ ಕಡೆ ಯಾರನ್ನು ಕೇಳಬೇಕೆಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ: ಮಣ್ಣಿನದಾದರೆ ಪಕ್ಕದ ಹೊಲದವರನ್ನೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರನ್ನೋ, ಹಕ್ಕಿಯದಾದರೆ ಅರಣ್ಯ ಇಲಾಖೆಯವರನ್ನೋ ಊರಿನ ಹಕ್ಕಿ ವೀಕ್ಷಕರನ್ನೋ ವಿಚಾರಿಸಬಹುದು.